ಗುಡುಗು ಕೇಳಿದ ಶನಿವಾರ

ಸೋಮವಾರ ಮಧ್ಯಾಹ್ನ ನನ್ನ ಫೋನಿಗೆ ಗಂಡನಿಂದ ಒಂದೇ ಒಂದು ಪದ ಬಂತು: "ಹನ್ನೊಂದು."

ನಾನು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆಗೆ ಬೀನ್ಸು-ಮಾಂಸದ ಚಿಲಿ ಬಡಿಸುತ್ತಿದ್ದೆ. ಸೌಟು ಕೈಯಲ್ಲೇ ನಿಂತುಬಿಟ್ಟಿತು. ಶನಿವಾರದ ದೊಡ್ಡ ಪಂದ್ಯ ಬೆಳಿಗ್ಗೆ ಹನ್ನೊಂದಕ್ಕೆ! ಗ್ರಾಂಟ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲು ತಂಡ ಯಾವ ದಿನ ಯಾರ ಜೊತೆ ಆಡುತ್ತದೆ ಅನ್ನುವುದು ಒಂದು ವರ್ಷ ಮೊದಲೇ ನಮಗೆ ಬಾಯಿಪಾಠ. ಎಷ್ಟು ಗಂಟೆಗೆ ಅನ್ನುವುದನ್ನು ಮಾತ್ರ ಟಿವಿಯವರು ತಮಗೆ ತೋಚಿದಾಗ ಹೇಳುತ್ತಾರೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಮಾತು ಕೊಡುವ ಹಾಗಿಲ್ಲ. ಅದರ ಹಿಂದಿನ ವರ್ಷ ನನ್ನ ತಂಗಿ ಅಕ್ಟೋಬರಿನ ಶನಿವಾರ ಮದುವೆ ಇಟ್ಟುಕೊಂಡಿದ್ದಕ್ಕೆ ನನ್ನ ಗಂಡ ಕರ್ಟ್ ಇವತ್ತಿಗೂ ಅವಳನ್ನು ಅರ್ಧ ಹುಚ್ಚಿ ಅಂತಲೇ ತಿಳಿದಿದ್ದಾನೆ.

ಹನ್ನೊಂದಕ್ಕೆ ಅಂದರೆ ಒಂಬತ್ತೂಕಾಲಿಗೆಲ್ಲ ಊರು ಬಿಡಬೇಕು. ಕ್ರೀಡಾಂಗಣ ಎಪ್ಪತ್ತು ಮೈಲಿ. ಅದೇ ಬೆಳಿಗ್ಗೆ ಎಂಟೂವರೆಗೆ ನಮ್ಮ ಮಗ ಗ್ರೇಡಿಯ ಆಟ. ಗ್ರೇಡಿಗೆ ಒಂಬತ್ತು ವರ್ಷ. ಸೊಂಟಕ್ಕೆ ಬಟ್ಟೆಯ ಪಟ್ಟಿ ಸಿಕ್ಕಿಸಿಕೊಂಡು ಆಡುವ ಮಕ್ಕಳ ಫುಟ್‌ಬಾಲು ಅದು; ಚೆಂಡು ಹಿಡಿದು ಓಡುವವನ ಪಟ್ಟಿ ಕಿತ್ತರೆ ಅವನ ಓಟ ಮುಗಿಯಿತು. ಮಂಗಳವಾರ, ಗುರುವಾರ ಅಭ್ಯಾಸ, ಶನಿವಾರ ಆಟ. ಮಗಳು ಲೇನಿ ವಾಲಿಬಾಲು ಆಡುತ್ತಾಳೆ; ಅದರ ಅಭ್ಯಾಸ ಸೋಮವಾರ, ಬುಧವಾರ. ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಬಿಳಿ ಜಾಗ ಅಂತ ಉಳಿದಿದ್ದು ಭಾನುವಾರ ಬೆಳಗಿನ ಪ್ರಾರ್ಥನೆಯ ಹೊತ್ತು ಒಂದೇ. ಕರ್ಟ್‌ಗಂತೂ ಅದು ಕೊಯ್ಲಿನ ಕಾಲ. ಊರಿನ ದವಸದ ಗೋದಾಮಿನಲ್ಲಿ ಅವನು ಲಾರಿಗಳ ತೂಕದ ಕಟ್ಟೆ ನೋಡಿಕೊಳ್ಳುತ್ತಾನೆ. ಮೆಕ್ಕೆಜೋಳದ ಲಾರಿಗಳು ಹೆದ್ದಾರಿವರೆಗೂ ಸಾಲು ನಿಂತಿರುತ್ತಿದ್ದವು. ಶನಿವಾರ ಒಂದು ರಜೆಗೆ ಅವನು ವಾರವೆಲ್ಲ ಬೇರೆಯವರ ಪಾಳಿಯನ್ನೂ ಮಾಡುತ್ತಿದ್ದ. ನಾವಿಬ್ಬರೂ ಒಂದು ಕಡೆ ಕೂತು ಊಟ ಮಾಡಿ ಎಷ್ಟು ದಿನ ಆಗಿತ್ತೋ, ನೆನಪಿಲ್ಲ. ಕಾರಿನಲ್ಲೇ ತಿಂದು, ಕಾರಿನಲ್ಲೇ ಬಟ್ಟೆ ಬದಲಿಸಿ, ಕಾರಿನಲ್ಲೇ ಜಗಳ ಮುಗಿಸುತ್ತಿದ್ದೆವು.

ಆ ಶರತ್ಕಾಲ ಇದರ ಮೇಲೆ ಇನ್ನೊಂದು ಬಂತು. ಲೇನಿ ರೆಫರಿಯಾದಳು.

ಹದಿನೈದು ತುಂಬಿದವರು ಎರಡು ದಿನದ ತರಬೇತಿ ಮುಗಿಸಿದರೆ ಚಿಕ್ಕ ಮಕ್ಕಳ ಆಟಕ್ಕೆ ಸೀಟಿ ಊದಬಹುದು. ಅವಳಿಗೆ ನಿಯಮ ಹೊಸದಾಗಿ ಕಲಿಯುವಂಥದ್ದೇನೂ ಇರಲಿಲ್ಲ. ನನ್ನ ಮಾವ, ಕರ್ಟ್‌ನ ಅಪ್ಪ ಮಿಲೊ ವಾನೆಕ್ ಐವತ್ತು ವರ್ಷದಿಂದ ಗ್ರಾಂಟ್ ಸ್ಟೇಟ್ ಕ್ರೀಡಾಂಗಣದಲ್ಲಿ ಐದು ಆಸನ ಕಾಯ್ದಿರಿಸಿಕೊಂಡು ಬಂದಿದ್ದಾರೆ. ಲೇನಿ ಅಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಬೆಳೆದವಳು. ಸುತ್ತ ಐವತ್ತು ಸಾವಿರ ಜನ ರೆಫರಿಗೆ ಶಾಪ ಹಾಕುತ್ತಿದ್ದರೆ ಇವಳು ಅಪ್ಪನ ಕಿವಿ ಹಿಡಿದೆಳೆದು, "ಇಲ್ಲಪ್ಪ, ರೆಫರಿ ಹೇಳಿದ್ದೇ ಸರಿ. ನಮ್ಮೋನೇ ಅಂಗಿ ಹಿಡ್ಕೊಂಡ," ಅನ್ನುತ್ತಿದ್ದಳು.

"ನೀನು ಯಾರ ಕಡೆ ಕಣೇ?" ಅಂತ ಕರ್ಟ್ ನಗುತ್ತಿದ್ದ. ನಕ್ಕು ಮತ್ತೆ ಕೂಗುತ್ತಿದ್ದ.

ಕರ್ಟ್ ಕೂಗುವವನು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮನೆಯಲ್ಲಿ ಬೆಕ್ಕಿಗೂ ಗದರದ ಮನುಷ್ಯ, ಬಿಳಿ ಗೆರೆ ಎಳೆದ ಹುಲ್ಲು ಕಂಡರೆ ಸಾಕು, ಕೊರಳಿನ ನರ ಉಬ್ಬಿಸಿಕೊಳ್ಳುತ್ತಿದ್ದ. ಮಿಲೊ ಕೂಡ ಹಾಗೇ ಇದ್ದರಂತೆ. ಅವರ ಮನೆಯಲ್ಲಿ ಗಂಡಸರು ಮನಸ್ಸಿನಲ್ಲಿದ್ದದ್ದನ್ನು ಹೇಳಲು ಬೇರೆ ಜಾಗವನ್ನೇ ಕಲಿಯಲಿಲ್ಲ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಶುಕ್ರವಾರ ಮಕ್ಕಳ ಆಟ ನಡೆಸುವ ಲೀಗಿನವರು ಫೋನು ಮಾಡಿದರು. ಗ್ರೇಡಿಯ ಆಟಕ್ಕೆ ಬರಬೇಕಾಗಿದ್ದ ರೆಫರಿ ಹೊಲದಲ್ಲಿ ಕೊಯ್ಲಿನ ಯಂತ್ರ ಬಿಟ್ಟು ಬರುವ ಹಾಗಿಲ್ಲ, ಲೇನಿ ಒಂದು ಸಲ ತಮ್ಮನ ಆಟಕ್ಕೇ ನಿಲ್ಲಬಹುದೇ ಅಂತ. ಲೇನಿ ಅನುಮಾನಿಸಿದಳು. "ಚೆನ್ನಾಗಿರಲ್ಲ ಅಮ್ಮ. ಏನೇ ತೀರ್ಪು ಕೊಟ್ರೂ ಮಾತು ಬರತ್ತೆ."

"ಒಪ್ಕೋ ಕಣೇ," ಅಂದವನು ಕರ್ಟ್. "ಎಲ್ರೂ ಒಂದೇ ಕಡೆ ಇರ್ತೀವಿ. ಮುಗಿದ ತಕ್ಷಣ ಹಾಗೇ ಹೊರಡಬಹುದು."

ಅವಳು ಒಪ್ಪಿದಳು.

ಶನಿವಾರ ಬೆಳಿಗ್ಗೆ ಗಾಳಿ ಬೆಚ್ಚಗಿತ್ತು, ಅಕ್ಟೋಬರಿಗೆ ಹೊಂದದ ಹಾಗೆ. ಪಶ್ಚಿಮಕ್ಕೆ ಒಂದು ಕಡೆ ಮೋಡ ಕಪ್ಪಗೆ ಗೋಡೆ ಕಟ್ಟಿತ್ತು. ತಲೆಯ ಮೇಲೆ ಮಾತ್ರ ನೀಲಿ ಆಕಾಶ. ನಾವು ಎರಡು ಗಾಡಿಯಲ್ಲಿ ಬಂದಿದ್ದೆವು. ಕರ್ಟ್‌ನ ಪಿಕಪ್ಪಿನಲ್ಲಿ ಮಿಲೊ ಆಗಲೇ ತಂಡದ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು, ತೊಡೆಯ ಮೇಲೆ ಹಣ್ಣು ತುಂಬಿದ ಕೊಲಾಚಿ ಬನ್ನುಗಳ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಇಳಿಯಲೇ ಇಲ್ಲ. "ಇಳಿದ್ರೆ ಮತ್ತೆ ಹತ್ತೋಕೆ ಐದು ನಿಮಿಷ ಬೇಕು," ಅಂದರು. ಕರ್ಟ್ ಅಂಚಿನ ಗೆರೆಯ ಪಕ್ಕ ಅತ್ತಿಂದಿತ್ತ ನಡೆಯುತ್ತ, ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತ ಇದ್ದ.

ಎಂಟು ಐವತ್ತೈದಕ್ಕೆ, ಗ್ರೇಡಿಯ ತಂಡ ಆರು ಅಂಕ ಮುಂದಿದ್ದಾಗ, ಲೇನಿ ಇದ್ದಕ್ಕಿದ್ದಂತೆ ಉದ್ದಕ್ಕೆ ಸೀಟಿ ಊದಿದಳು. ಎರಡು ಕೈ ಮೇಲೆತ್ತಿದಳು.

"ಗುಡುಗು," ಅಂದಳು ಇಬ್ಬರು ಕೋಚುಗಳಿಗೂ ಕೇಳುವ ಹಾಗೆ. "ಎಲ್ರೂ ಕಾರೊಳಗೆ ಹೋಗಿ. ಮೂವತ್ತು ನಿಮಿಷ."

ನಿಯಮ ಎಲ್ಲರಿಗೂ ಗೊತ್ತು. ಗುಡುಗು ಕೇಳಿದರೆ ಮೈದಾನ ಖಾಲಿ ಮಾಡಬೇಕು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವವರೆಗೆ ಆಟ ಇಲ್ಲ. ಇನ್ನೊಂದು ಕೇಳಿದರೆ ಲೆಕ್ಕ ಮತ್ತೆ ಮೊದಲಿಂದ. ಆದರೆ ಆ ಗುಡುಗು ಎಷ್ಟು ಸಣ್ಣದಿತ್ತು ಅಂದರೆ, ನಾನು ಕೇಳಿದೆನೋ ಇಲ್ಲವೋ ಅಂತ ಇವತ್ತಿಗೂ ಆಣೆ ಇಟ್ಟು ಹೇಳಲಾರೆ. ಪಕ್ಕದ ಹೆದ್ದಾರಿಯಲ್ಲಿ ಖಾಲಿ ಲಾರಿಗಳು ಗಡಗಡ ಅನ್ನುತ್ತಲೇ ಇದ್ದವು.

ಜನ ಗೊಣಗುತ್ತ ಕಾರಿನ ಕಡೆ ಹೊರಟರು. ಕರ್ಟ್ ಮಾತ್ರ ಗೆರೆ ದಾಟಿ ಮೈದಾನದೊಳಗೆ ನಡೆದ.

"ಲೇನಿ, ಅದು ಲಾರಿ ಕಣೇ."

"ಗುಡುಗು ಅಪ್ಪ. ಕಾರಿಗೆ ಹೋಗು."

"ನಾನು ದಿನಾ ಲಾರಿ ಜೊತೆ ಕೆಲಸ ಮಾಡೋನು. ಲಾರಿ ಸದ್ದು ಯಾವುದು, ಗುಡುಗು ಯಾವುದು ಅಂತ ನಂಗೆ ಹೇಳ್ಕೊಡ್ತೀಯಾ? ಇನ್ನು ಇಪ್ಪತ್ತು ನಿಮಿಷದ ಆಟ. ಆಡ್ಸಿ ಮುಗಿಸು."

"ಆಗಲ್ಲ."

"ತಲೆ ಮೇಲೆ ಬಿಸಿಲಿದೆ! ಒಂದು ಸಲ ಮೇಲೆ ನೋಡು!"

"ಮಿಸ್ಟರ್ ವಾನೆಕ್," ಅಂದಳು ಲೇನಿ. ತರಬೇತಿಯಲ್ಲಿ ಹಾಗೆ ಹೇಳಿಕೊಟ್ಟಿದ್ದರೋ ಏನೋ. ಆದರೆ ಅದನ್ನು ಕೇಳಿ ಹತ್ತಿರ ಇದ್ದ ಇಬ್ಬರು ಅಪ್ಪಂದಿರು ಕಿಸಕ್ಕನೆ ನಕ್ಕರು. ಆ ನಗುವೇ ಕೆಲಸ ಕೆಡಿಸಿತು. ಕರ್ಟ್‌ನ ಮುಖ ಕೆಂಪೇರಿತು. ಅವನು ಅವರ ಕಡೆ ತಿರುಗಿ, ಇಡೀ ಪಾರ್ಕಿಂಗ್ ಜಾಗಕ್ಕೆ ಕೇಳುವ ಹಾಗೆ ಕೂಗಿದ:

"ಇವಳಿಗೆ ಗುಡುಗು ಅಂದ್ರೆ ಮೊದಲಿಂದಲೂ ಪುಕ್ಕಲು! ಎಂಟು ವರ್ಷ ಆಗೋವರೆಗೂ ಗುಡುಗಿದ್ರೆ ಹಾಸಿಗೇಲಿ ಉಚ್ಚೆ ಹೊಯ್ಕೋತಿದ್ಲು! ಈಗ ಅದಕ್ಕೆ ನಾವೆಲ್ಲ ಅರ್ಧ ಗಂಟೆ ಕಾಯ್ಬೇಕು!"

ಯಾರೂ ನಗಲಿಲ್ಲ. ಕಾರುಗಳ ಬಾಗಿಲು ತೆರೆದ ಹಾಗೇ ನಿಂತವು. ಗ್ರೇಡಿಯ ತಂಡದ ಹುಡುಗರು, ಅವಳ ಶಾಲೆಯಲ್ಲೇ ಓದುವವರ ತಮ್ಮಂದಿರು, ಬಾಯಿ ತೆರೆದುಕೊಂಡು ನೋಡುತ್ತಿದ್ದರು. ನಾನು ಕಿತ್ತಳೆ ಹೋಳುಗಳ ಚೀಲ ಹಿಡಿದು ಅಲ್ಲೇ ಇದ್ದೆ. ಹತ್ತು ಹೆಜ್ಜೆ ದೂರ. ನನ್ನ ನಾಲಿಗೆ ಏಳಲಿಲ್ಲ.

ಲೇನಿಯ ಕುತ್ತಿಗೆ, ಕಿವಿ ಎಲ್ಲ ಕೆಂಪಾಗಿತ್ತು. ಆದರೆ ಅವಳು ಅಳಲಿಲ್ಲ. ಗ್ರೇಡಿಯ ಕೋಚ್‌ನ ಕಡೆ ತಿರುಗಿ ಹೇಳಿದಳು: "ಕೋಚ್, ಈ ಒಬ್ಬ ಪ್ರೇಕ್ಷಕರು ಮೈದಾನ ಬಿಟ್ಟು ಹೋಗ್ಬೇಕು. ಪಾರ್ಕಿಂಗ್ ಜಾಗದಿಂದಾನೂ. ಅವರು ಹೋಗೋವರೆಗೂ ಆಟ ಮತ್ತೆ ಶುರು ಮಾಡಲ್ಲ."

"ಏನಂದೆ?" ಅಂದ ಕರ್ಟ್.

"ಹೋಗಿ," ಅಂದಳು. ಅಪ್ಪ ಅನ್ನಲಿಲ್ಲ.

ಕೋಚು ಒಳ್ಳೆಯವನು, ಕರ್ಟ್‌ನ ಜೊತೆ ಶಾಲೆಗೆ ಹೋದವನು. ಬಂದು ಭುಜದ ಮೇಲೆ ಕೈ ಇಟ್ಟ. "ನಡಿಯೋ ಕರ್ಟ್. ನಿಂಗೂ ಹೊತ್ತಾಯ್ತಲ್ಲ."

ಕರ್ಟ್ ನನ್ನ ಕಡೆ ನೋಡಿದ. "ಡೀನಾ, ಬರ್ತೀಯಾ?"

ನಾನು ತಲೆ ಅಲ್ಲಾಡಿಸಿದೆ, ಇಲ್ಲ ಅಂತ. ಅವತ್ತು ನಾನು ಮಾಡಿದ್ದು ಅಷ್ಟೇ. ಪಿಕಪ್ಪು ಜಲ್ಲಿಕಲ್ಲು ಹಾರಿಸಿಕೊಂಡು ಹೆದ್ದಾರಿಗೆ ಏರಿತು. ಕಿಟಕಿಯಲ್ಲಿ ಮಿಲೊ ಅವರ ಕಿತ್ತಳೆ ಟೋಪಿ ಹಿಂದಕ್ಕೆ ತಿರುಗಿ ನಮ್ಮನ್ನೇ ನೋಡುತ್ತಿತ್ತು.

ಲೇನಿ ಬಂದು ನಮ್ಮ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಳು. ಗ್ರೇಡಿ ಹಿಂದೆ. ಫೋನಿನಲ್ಲಿ ನಿಮಿಷಗಳು ಓಡುತ್ತಿದ್ದವು. ಇಪ್ಪತ್ತೆರಡನೇ ನಿಮಿಷಕ್ಕೆ ದೂರದಲ್ಲಿ ಮತ್ತೆ ಏನೋ ಗುಡುಗುಡು ಅಂದಿತು. ಈ ಸಲ ನನಗೂ ಕೇಳಿಸಿತು. ಲೇನಿ ಫೋನಿನಲ್ಲಿ ಮತ್ತೆ ಮೂವತ್ತು ಒತ್ತಿದಳು. ಅತ್ತ ಕಡೆಯ ಮೂರು ಕಾರುಗಳು ಹಾರ್ನು ಬಾರಿಸಿ ಹೊರಟುಹೋದವು. ಅವರಿಗೂ ಹನ್ನೊಂದರ ಪಂದ್ಯ ಇತ್ತು.

ಆಮೇಲೆ ಅವಳು ಮುಂದಿನ ಗಾಜನ್ನೇ ನೋಡುತ್ತ ಕೇಳಿದಳು. "ಅಮ್ಮ, ನೀನ್ಯಾಕೆ ಏನೂ ಹೇಳ್ಲಿಲ್ಲ?"

"ಅಷ್ಟರಲ್ಲಿ ನೀನೇ..."

"ನಾನು ಹೇಳೋಕೆ ಮುಂಚೆ. ಅವನು ಅದನ್ನ ಹೇಳಿದ ತಕ್ಷಣ."

ಇಪ್ಪತ್ತು ವರ್ಷದಿಂದ ಮೈದಾನಗಳಲ್ಲಿ ನಾನು ಅವನ ಪಕ್ಕ ನಿಂತು ನೆಲ ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಅದನ್ನು ಮಗಳಿಗೆ ಹೇಗೆ ಹೇಳುವುದು? "ತಪ್ಪಾಯ್ತು," ಅಂದೆ. ಹಿಂದಿನಿಂದ ಗ್ರೇಡಿ, "ಲೇನಿ, ನಾನೂ ಹೊಯ್ಕೋತಿದ್ದೆ. ಗುಡುಗದೇನೇ," ಅಂದ. ಅವಳು ನಕ್ಕಳು, ನಕ್ಕು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತು ಭುಜ ಅಲುಗಿತು.

ಹತ್ತು ಗಂಟೆ ಹತ್ತಿರ ಬರುವ ಹೊತ್ತಿಗೆ ಮೋಡದ ಗೋಡೆ ದಕ್ಷಿಣಕ್ಕೆ ಸರಿದು ಹೋಯಿತು. ನಮ್ಮ ಮೇಲೆ ಒಂದು ಹನಿಯೂ ಬೀಳಲಿಲ್ಲ. ಎಲ್ಲೂ ಸಿಡಿಲು ಹೊಡೆಯಲಿಲ್ಲ. ಲೇನಿ ಇಳಿದು ಮೈದಾನದ ನಡುವೆ ನಿಂತು ಸೀಟಿ ಊದಿದಳು. ಉಳಿದ ಮಕ್ಕಳನ್ನು ಎಣಿಸಿ, ಐದೈದು ಜನರನ್ನು ನಿಲ್ಲಿಸಿ ಆಟ ಮುಗಿಸಿದಳು. ಗ್ರೇಡಿಯವರು ಒಂದು ಅಂಕದಲ್ಲಿ ಸೋತರು. ಕೊನೆಯ ನಿಮಿಷದಲ್ಲಿ ಗ್ರೇಡಿಯ ಕಾಲು ಗೆರೆಯ ಹೊರಗೆ ಬಿದ್ದಿದ್ದನ್ನು ಹಿಡಿದವಳೂ ಅವಳೇ. ಹೊರಡುವಾಗ ಒಬ್ಬ ಹೆಂಗಸು ನನಗೆ ಕೇಳಲೆಂದೇ ಹೇಳಿದಳು: "ಒಂದು ಗಂಟೆ ಹಾಳು. ನೆಲ ಕೂಡ ಒದ್ದೆ ಆಗ್ಲಿಲ್ಲ."

ಕರ್ಟ್ ಮತ್ತು ಮಿಲೊ ಪಂದ್ಯ ಶುರುವಾಗುವ ಮುಂಚೆಯೇ ಹೋಗಿ ಸೇರಿದ್ದರು. ನಮ್ಮ ಖಾಲಿ ಆಸನಗಳ ಮೇಲೆ ಇಬ್ಬರೂ ಜಾಕೆಟ್ಟು ಇಟ್ಟುಕೊಂಡು ಕೂತರಂತೆ. ಗ್ರಾಂಟ್ ಸ್ಟೇಟ್ ಗೆದ್ದಿತು, ಹನ್ನೊಂದು ವರ್ಷದ ಮೇಲೆ ಮೊದಲ ಸಲ ಆ ತಂಡದ ಮೇಲೆ. ಜನ ಮೈದಾನಕ್ಕೆ ನುಗ್ಗಿ ಕುಣಿದರು. ಮಿಲೊ ಸಂಜೆ ನಮ್ಮ ಅಡುಗೆಮನೆಯಲ್ಲಿ ಟೋಪಿ ತೆಗೆದು ಕೂತು ನನಗೆ ಹೇಳಿದರು: "ಹೋಗ್ತಾ ಎಪ್ಪತ್ತು ಮೈಲಿ, ಬರ್ತಾ ಎಪ್ಪತ್ತು ಮೈಲಿ, ಒಂದು ಮಾತಾಡ್ಲಿಲ್ಲ ನೋಡು ನಿನ್ನ ಗಂಡ. ಗೆದ್ದಾಗ್ಲೂ ಏಳ್ಲಿಲ್ಲ. ಅವನಿಗೆಲ್ಲೋ ಹುಷಾರಿಲ್ವೇನೋ ಅನ್ನಿಸ್ತು ನಂಗೆ."

"ಹುಷಾರಿಲ್ದೇ ಇದ್ದಿದ್ರೆ ಚೆನ್ನಾಗಿತ್ತು," ಅಂದೆ.

ಯಾರನ್ನಾದರೂ ಮೈದಾನದಿಂದ ಕಳಿಸಿದರೆ ರೆಫರಿ ಎರಡು ದಿನದೊಳಗೆ ಲೀಗಿಗೆ ವರದಿ ಬರೆದುಕೊಡಬೇಕು. ಭಾನುವಾರ ಮಧ್ಯಾಹ್ನ ಲೇನಿ ಊಟದ ಮೇಜಿನ ಮುಂದೆ ಕೂತು ಬರೆದಳು. ಬರೆದು, ಹಾಳೆಯನ್ನು ಅಲ್ಲೇ ಬಿಟ್ಟು, ವಾಲಿಬಾಲಿನ ಗೆಳತಿಯ ಮನೆಗೆ ಹೋದಳು. ಮರೆತು ಬಿಟ್ಟಳೋ, ಬೇಕೆಂದೇ ಬಿಟ್ಟಳೋ ಕೇಳಿಲ್ಲ.

ಕರ್ಟ್ ಕಾಫಿ ಹಿಡಿದು ಬಂದವನು ಅದನ್ನು ಕಂಡ. ನಿಂತೇ ಓದಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಮತ್ತೆ ಓದಿದ. ಹೊತ್ತು, ಅಂಕ, ಗಾಳಿ ಯಾವ ಕಡೆ, ಯಾರು ಎಲ್ಲಿ ನಿಂತಿದ್ದರು, ಎಲ್ಲ ಇತ್ತು. ಅವನ ಒಂದೊಂದು ಮಾತನ್ನೂ ಹಾಗೇ ಬರೆದಿದ್ದಳು, ಲಾರಿಯ ಮಾತು, ಬಿಸಿಲಿನ ಮಾತು, ಎಲ್ಲ. ಆ ಒಂದು ಮಾತಿನ ಜಾಗದಲ್ಲಿ ಮಾತ್ರ, "ನಂತರ ಆ ಪ್ರೇಕ್ಷಕರು ನನ್ನ ಬಗ್ಗೆ ಒಂದು ಖಾಸಗಿ ವಿಷಯ ಹೇಳಿದರು," ಅಂತ ಇತ್ತು. ಅಷ್ಟೇ.

"ಬರೆದಿಲ್ಲ ಅವಳು," ಅಂದ ಕರ್ಟ್.

"ಬರೆಯೋ ಅಂಥದ್ದಾ ಅದು?" ಶನಿವಾರ ಎದ್ದೇಳದ ನಾಲಿಗೆ ಈಗ ಎದ್ದಿತು. "ರಾತ್ರಿ ಗುಡುಗಿದ್ರೆ ಹೆದರ್ಕೊಂಡು ನಿನ್ನ ಹತ್ರ ಬರ್ತಿದ್ದ ಮಗು ಅದು ಕರ್ಟ್. ನನ್ನ ಹತ್ರ ಬರ್ತಿರ್ಲಿಲ್ಲ. ನಿನ್ನ ಹತ್ರ. ಹಾಸಿಗೆ ಬಟ್ಟೆ ಬದಲಾಯ್ಸಿ, ಯಾರಿಗೂ ಹೇಳಲ್ಲ ಪುಟ್ಟಾ ಅಂತ ನೀನೇ ಅಂದಿದ್ದೆ. ನಾನು ಬಾಗಿಲಲ್ಲಿ ನಿಂತು ಕೇಳಿದೀನಿ."

ಅವನು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ. ಕಾಫಿ ಆರಿತು.

ಲೀಗಿನವರು ಅವನಿಗೆ ಎರಡು ಶನಿವಾರ ಮೈದಾನಕ್ಕೆ ಕಾಲಿಡಬಾರದು ಅಂದರು. ಊರಿಗೆಲ್ಲ ಸುದ್ದಿ ಹಬ್ಬಿತ್ತು. ಗೋದಾಮಿಗೆ ಬಂದ ಲಾರಿಯವರು, "ಏನಪ್ಪಾ ಕರ್ಟ್, ಮನೆಗೆ ಹೋಗೋಕಾದ್ರೂ ಬಿಡ್ತಾಳಾ ನಿನ್ನ ರೆಫರಿ?" ಅಂತ ತಮಾಷೆ ಮಾಡಿದರು. ಅವನು ಮಾತು ತಿರುಗಿಸದೆ, "ತಪ್ಪು ನಂದೇ," ಅಂದುಬಿಡುತ್ತಿದ್ದನಂತೆ. ಆಮೇಲೆ ಯಾರೂ ಆ ತಮಾಷೆ ಮಾಡಲಿಲ್ಲ. ಲೇನಿಯ ಕಷ್ಟ ಬೇರೆ. ಶಾಲೆಯಲ್ಲಿ ಯಾರೋ ಅವಳ ಲಾಕರಿಗೆ ಹಸುಗೂಸಿನ ಡೈಪರ್ ಅಂಟಿಸಿದ್ದರು. ಅವಳು ಮನೆಯಲ್ಲಿ ಹೇಳಲಿಲ್ಲ. ನಾನು ಅಲ್ಲಿನ ಅಡುಗೆಮನೆಯ ಕೆಲಸದವಳಾದ್ದರಿಂದ ಕಿವಿಗೆ ಬಿತ್ತು. ರಾತ್ರಿಯೂಟಕ್ಕೆ ಅಪ್ಪ ಬಂದರೆ ಮಗಳು ಎದ್ದು ಹೋಗುತ್ತಿದ್ದಳು. ಅವನು ಅವಳ ಕೋಣೆಯ ಬಾಗಿಲವರೆಗೆ ಹೋಗಿ, ಕೈ ಎತ್ತಿ, ತಟ್ಟದೆ ವಾಪಸು ಬರುವುದನ್ನು ಮೂರು ಸಲ ನೋಡಿದೆ.

ಮೂರನೇ ವಾರದ ಬುಧವಾರ ಕರ್ಟ್ ಊಟದ ಡಬ್ಬಿ ಮರೆತು ಹೋದ. ಶಾಲೆಗೆ ಅರ್ಧ ದಿನ ರಜೆ ಇತ್ತು. ನನಗೆ ಪಾತ್ರೆ ತೊಳೆಯುವುದು ಮುಗಿದಿರಲಿಲ್ಲ. ಲೇನಿಗೆ ಹೇಳಿದೆ. ಮುಖ ಸಿಂಡರಿಸಿದಳು, ಆದರೂ ಹೋದಳು. ಮುಂದಿನದನ್ನು ಇಬ್ಬರೂ ಬೇರೆ ಬೇರೆ ಹೇಳಿದ್ದಾರೆ, ಎರಡೂ ಹೊಂದುತ್ತವೆ.

ತೂಕದ ಕಟ್ಟೆಯ ಪಕ್ಕದ ಗೂಡಿನಂಥ ಕೋಣೆ. ಕಿಟಕಿಗೆ ಲಾರಿಯೊಂದು ಬಂದು ನಿಲ್ಲುತ್ತದೆ, ತೂಕ ಬರೆದು ಚೀಟಿ ಕೊಟ್ಟರೆ ಮುಂದಿನದು. ಲೇನಿ ಡಬ್ಬಿ ಇಟ್ಟು ತಿರುಗಿದಳು.

"ಲೇನಿ, ನಿಲ್ಲು. ನಾನು ಹೇಳಿದ್ದು ತಪ್ಪು."

"ಯಾವುದು?"

"ಎಲ್ಲಾ."

"ಎಲ್ಲಾ ಅಂದ್ರೆ ಯಾವುದೂ ಅಲ್ಲ ಅಪ್ಪ. ಯಾವುದು ಅಂತ ಹೇಳು."

ಅಷ್ಟರಲ್ಲಿ ಲಾರಿ ಬಂತು. ಕರ್ಟ್ ತೂಕ ಬರೆದ, ಚೀಟಿ ಕೊಟ್ಟ. ಅವಳು ಹೋಗಲಿಲ್ಲ, ಬಾಗಿಲಲ್ಲೇ ಕಾದಳು.

"ಹಾಸಿಗೆ ವಿಷಯ," ಅಂದ ಅವನು, ಅವಳ ಕಡೆ ತಿರುಗಿ. "ಯಾರಿಗೂ ಹೇಳಲ್ಲ ಅಂತ ನಿಂಗೆ ಮಾತು ಕೊಟ್ಟಿದ್ದೆ. ಅವತ್ತು ಅವರು ನಕ್ರಲ್ಲ, ನಂಗೆ ಗೆಲ್ಲಬೇಕು ಅನ್ನಿಸ್ತು. ಕೈಗೆ ಸಿಕ್ಕಿದ್ದನ್ನ ಎತ್ತಿ ಎಸೆದುಬಿಟ್ಟೆ. ಅದು ನೀನು ಅಂತ ನೋಡ್ಲಿಲ್ಲ."

ಇನ್ನೊಂದು ಲಾರಿ. ಡ್ರೈವರ್ ಹವಾಮಾನದ ಬಗ್ಗೆ ಏನೋ ಕೇಳಿದ; ಕರ್ಟ್ ಉತ್ತರಿಸದೆ ಚೀಟಿ ಕೊಟ್ಟ.

"ಡೈಪರ್ ಅಂಟಿಸಿದ್ರು ನನ್ನ ಲಾಕರಿಗೆ," ಅಂದಳು ಲೇನಿ.

ಅವನು ಎದ್ದು ನಿಂತ. "ಯಾರು?"

"ನೋಡು, ಮತ್ತೆ. ಕೂತ್ಕೋ ಅಪ್ಪ. ನೀನು ಏನೂ ಮಾಡೋದು ಬೇಡ ಅಂತಾನೇ ಹೇಳಿರ್ಲಿಲ್ಲ."

ಅವನು ಕೂತ.

"ನನಗಿನ್ನೂ ಕೋಪ ಇದೆ," ಅಂದಳು.

"ಇರಲಿ."

"ಇನ್ಮೇಲೆ ತಮ್ಮನ ಆಟ ನಂಗೆ ಕೊಡಬೇಡಿ ಅಂತ ಹೇಳಿದೀನಿ. ಅವನದಕ್ಕೆ ನೀನು ಹೋಗು. ನಾನು ರೆಫರಿ ಆಗಿರೋದಕ್ಕೆ ಬರಬೇಡ."

"ದೂರದಲ್ಲಿ ನಿಂತ್ಕೊಂಡ್ರೆ? ಬಾಯಿ ಮುಚ್ಕೊಂಡು?"

"ಬೇಡ."

"ಎಲ್ಲಿವರೆಗೆ?"

"ಗೊತ್ತಿಲ್ಲ. ನಾನೇ ಹೇಳ್ತೀನಿ."

ಲಾರಿಯವನು ಹಾರ್ನು ಬಾರಿಸಿದ. "ಆಯ್ತು," ಅಂದ ಕರ್ಟ್.

ನವೆಂಬರ್ ಬಂತು. ಲೇನಿಗೆ ಪಕ್ಕದೂರಿನಲ್ಲಿ ಎರಡು ಶನಿವಾರ ಸತತವಾಗಿ ಆಟ ಕೊಟ್ಟರು. ನಾನು ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ, ಕಾರಿನಿಂದ ಇಳಿದು ಗೆರೆಯ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಅಲ್ಲೊಬ್ಬ ತಾತ ಅವಳಿಗೆ ಕಣ್ಣು ಕಾಣಲ್ವಾ ಅಂತ ಕೂಗಿದಾಗ, "ಸ್ವಾಮಿ, ಅವಳು ಮಗು, ಕೂತ್ಕೊಳ್ಳಿ," ಅಂದೆ. ಅವರು ಕೂತರು. ಲೇನಿ ತಿರುಗಿ ನೋಡಲಿಲ್ಲ, ಕೇಳಿಸಿತೋ ಇಲ್ಲವೋ.

ಆ ಬೆಳಗುಗಳಲ್ಲಿ ಕರ್ಟ್ ಮನೆಯಲ್ಲಿ ಇರಲಾರದೆ ಇರುತ್ತಿದ್ದ. ಗ್ರೇಡಿ ಹೇಳುವ ಪ್ರಕಾರ, ಏಣಿ ಹತ್ತಿ ಸೂರಿನ ಮೇಲೆ ಉದುರಿದ ಎಲೆ ತೆಗೆಯುತ್ತಾನೆ, ಇಳಿಯುತ್ತಾನೆ, ಬೀದಿ ನೋಡುತ್ತಾನೆ, ಗ್ಯಾರೇಜಿನ ಬಾಗಿಲಿಗೆ ಎಣ್ಣೆ ಹಾಕುತ್ತಾನೆ, ಮತ್ತೆ ಬೀದಿ ನೋಡುತ್ತಾನೆ.

ಎರಡನೆಯ ಶನಿವಾರ ನಾವು ಬಂದಾಗ ಅವನು ಸೂಪು ಬಿಸಿ ಮಾಡಿಟ್ಟಿದ್ದ. ಲೇನಿ ರೆಫರಿಯ ಪಟ್ಟೆ ಅಂಗಿಯಲ್ಲೇ ಕೂತು, ಎರಡು ಬಟ್ಟಲು ಖಾಲಿ ಮಾಡಿದಳು. ಆಮೇಲೆ, ಯಾರಿಗೆ ಅಂತಿಲ್ಲದೆ, ಉಪ್ಪಿನ ಡಬ್ಬಿಯನ್ನು ಮುಂದಕ್ಕೆ ಎಳೆದಳು. "ಇವತ್ತು ಒಂದು ವಿಚಿತ್ರ ಆಯ್ತು. ಇವನು ಚೆಂಡು ಎಸೆದ. ಅದು ಇನ್ನೊಬ್ಬನ ತಲೆಗೆ ಬಡಿದು ಮೇಲೆ ಹಾರ್ತು." ಮೆಣಸಿನ ಡಬ್ಬಿ ಬಂತು. "ಇವನು ಹಿಡ್ಕೊಂಡ. ಆದ್ರೆ ಅಷ್ಟರಲ್ಲಿ ಇವನ ಪಟ್ಟಿ ತಾನಾಗೇ ಕಳಚಿ ಬಿದ್ದಿತ್ತು. ಯಾರೂ ಕಿತ್ತಿರ್ಲಿಲ್ಲ."

"ಹಾಗಾದ್ರೆ ಅದು..." ಅಂತ ಶುರು ಮಾಡಿದ ಕರ್ಟ್, ನಿಲ್ಲಿಸಿಕೊಂಡ. ಚಮಚ ಕೆಳಗಿಟ್ಟ. "ನೀನೇನು ಮಾಡ್ದೆ?"

ಅವಳು ಡಬ್ಬಿಗಳನ್ನು ಸರಿಸುತ್ತ ಹೇಳುತ್ತ ಹೋದಳು, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ. ಅವನು ಮೇಜಿನ ಮೇಲೆ ಬಾಗಿ ಕೇಳಿದ.

ತಾನು ಸೀಟಿ ಊದುವ ಆಟಕ್ಕೆ ಅವನನ್ನು ಅವಳು ಇನ್ನೂ ಕರೆದಿಲ್ಲ. ಮುಂದಿನ ಶರತ್ಕಾಲವೂ ಬಂದು ಅರ್ಧ ಕಳೆದಿದೆ. ಅವನೂ ಕೇಳಿಲ್ಲ.